ಮಿಯಾನಿ ಮುಕ್ತಾರ್

ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿ, ಎರಡು ಮಿಷನ್ನು ಹಾಕಿದರೆ ಗಿರಾಕಿ ಹೊರಗೇ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿಯಲ್ಲಿ, ಮುಕ್ತಾರ್ ಮೂವತ್ತಾರು ವರ್ಷದಿಂದ ಪೈಜಾಮ ಹೊಲಿಯುತ್ತಿದ್ದಾನೆ. ಬೇರೆ ದರ್ಜಿಗಳು ಕಾಲರಿನ ಬಗ್ಗೆ, ತೋಳಿನ ಬಗ್ಗೆ ಕೊಚ್ಚಿಕೊಳ್ಳುತ್ತಾರೆ. ಮುಕ್ತಾರ್ ಕೊಚ್ಚಿಕೊಳ್ಳುವುದು ಯಾರೂ ನೋಡದ ಜಾಗದ ಬಗ್ಗೆ. ಪೈಜಾಮದ ಎರಡು ಕಾಲು ಕೂಡುವಲ್ಲಿ, ತೊಡೆಗಳ ಸಂದಿಯಲ್ಲಿ, ಗಾಳಿಪಟದ ಆಕಾರದ ಒಂದು ತುಂಡು ಬಟ್ಟೆ ಸೇರಿಸುತ್ತಾರೆ. ದರ್ಜಿಗಳು ಅದಕ್ಕೆ ಮಿಯಾನಿ ಅನ್ನುತ್ತಾರೆ. ಅದು ಇಲ್ಲದಿದ್ದರೆ, ಅಥವಾ ಇದ್ದೂ ಸರಿಯಾಗಿ ಕೂರದಿದ್ದರೆ, ಚಕ್ಕಂಬಕ್ಕಳ ಹಾಕಿ ಕೂತವನ ಮಾನ ಎರಡೇ ದಿನದಲ್ಲಿ ಪರ್ರೆಂದು ಹರಿಯುತ್ತದೆ.

ಮುಕ್ತಾರ್ ಹೊಲಿದದ್ದು ಹರಿದ ದಾಖಲೆ ಇಲ್ಲ. ಬಟ್ಟೆ ಕೊಡುವಾಗ ಗಿರಾಕಿಯನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ, ಆಮೇಲಷ್ಟೇ ಮನೆಗೆ ಕಳಿಸುತ್ತಾನೆ. ಗಲ್ಲಿಯ ಇತರ ದರ್ಜಿಗಳು ಹೊಟ್ಟೆಕಿಚ್ಚಿಗೋ ತಮಾಷೆಗೋ ಅವನಿಗೆ ಮಿಯಾನಿ ಮುಕ್ತಾರ್ ಎಂದು ಹೆಸರಿಟ್ಟರು. ಅವನು ಅದನ್ನೇ ಬಿರುದು ಎಂದುಕೊಂಡು ತಲೆಯೆತ್ತಿ ತಿರುಗಿದ. ಅಂಥವನ ಜೊತೆ ಏನು ಮಾಡಲಾಗುತ್ತದೆ?

ಐವತ್ತೆಂಟು ತುಂಬಿದ ವರ್ಷ ಅವನಿಗೆ ಒಂದೇ ಆಸೆ ಉಳಿದಿತ್ತು. ಹೆಂಡತಿ ಬಿಲ್ಕೀಸ್‌ಳನ್ನು ಜೊತೆಗೆ ಕರೆದುಕೊಂಡು ಹಜ್‌ಗೆ ಹೋಗಿ ಬರಬೇಕು. ಮಗಳು ನಾಜಿಶ್ ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಾಳೆ. ಅರ್ಜಿ ಬಿಟ್ಟ ದಿನವೇ ಫೋನಿನಲ್ಲಿ ತುಂಬಿಸುತ್ತೇನೆ, ಇಬ್ಬರ ಪಾಸ್‌ಪೋರ್ಟ್ ಕಳಿಸಿ ಸಾಕು ಎಂದಿದ್ದಳು. ಮುಕ್ತಾರನ ಪಾಸ್‌ಪೋರ್ಟ್ ಬಂದು ಆರು ತಿಂಗಳಾಗಿತ್ತು. ಬಿಲ್ಕೀಸ್ ಫೋಟೊ ತೆಗೆಸಿಕೊಳ್ಳಲೂ ಹೋಗಿರಲಿಲ್ಲ.

"ನೀವು ಹೋಗಿ ಬನ್ನಿ," ಅನ್ನುತ್ತಿದ್ದಳು. "ಅಲ್ಲಿ ನಂಗೂ ದುವಾ ಮಾಡಿ."

"ಯಾಕೆ ಬರಲ್ಲ, ಅದನ್ನ ಹೇಳು."

"ಮಂಡಿ ನೋವು."

"ದಿನಾ ಮೂರು ಮಹಡಿ ಹತ್ತಿ ಬಟ್ಟೆ ಒಣಗ್ಹಾಕ್ತೀಯ. ಮಂಡಿ ನೋವಂತೆ!"

ಅಲ್ಲಿಗೆ ಅವಳು ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಬಡಿದರೂ ಮಾತು ಹೊರಡುತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟು ಒಬ್ಬನೇ ಹೋಗಲು ಮುಕ್ತಾರನಿಗೆ ಮನಸ್ಸಿಲ್ಲ, ಬಿಟ್ಟು ಹೋದ ಎಂದು ನಾಲ್ಕು ಜನ ಆಡಿಕೊಳ್ಳುವುದೂ ಬೇಕಿಲ್ಲ. ಅವಳು ಬಂದರೆ ಹಜ್, ಇಲ್ಲದಿದ್ದರೆ ಇಲ್ಲ ಎಂಬಲ್ಲಿಗೆ ವಿಷಯ ಬಂದು ನಿಂತಿತ್ತು.

ಬಿಲ್ಕೀಸ್‌ಳ ಬಗ್ಗೆ ಬಂಧುಗಳಲ್ಲಿ ಒಂದೇ ಮಾತು, ದಿಮಾಕು ಜಾಸ್ತಿ. ಮದುವೆಗೆ ಕರೆದರೆ ಹತ್ತರಲ್ಲಿ ಒಂದಕ್ಕೆ ಬರುತ್ತಾಳೆ. ಬಂದರೂ ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತಾಳೆ, ಬಿರಿಯಾನಿ ಮುಟ್ಟುವುದಿಲ್ಲ, ನೀರು ಕೂಡ ಗುಟುಕಷ್ಟೇ. ಹೆಂಗಸರೆಲ್ಲ ಸೇರಿ ಕುರಾನ್ ಓದುವ ಮನೆಗಳಿಗೆ ಕಾಲಿಡುವುದಿಲ್ಲ. ನಮಾಜನ್ನು ಮಾತ್ರ ಬಿಡುವುದಿಲ್ಲ, ಅದೂ ಒಳಕೋಣೆಯ ಚಿಲಕ ಹಾಕಿಕೊಂಡು. ನಾಜಿಶ್ ಹುಟ್ಟಿದ ಮೇಲೆ ಅವಳು ಗಂಡನ ಹಾಸಿಗೆಯಿಂದಲೂ ಮೆಲ್ಲಗೆ ಜಾರಿಕೊಂಡಳು. ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಬೇರೆ ಮಲಗಿದವಳು, ಮಗು ಬೆಳೆದು ಮದುವೆಯಾಗಿ ಹೋದ ಮೇಲೂ ಬೇರೆಯೇ ಮಲಗುತ್ತಿದ್ದಳು. ಎರಡನೇ ಮಗುವಿನ ಮಾತು ಹಾಗೇ ಬಿದ್ದುಹೋಯಿತು.

ಮುಕ್ತಾರ್ ಇದನ್ನೆಲ್ಲ ಸಹಿಸಿದ. ಸಹಿಸಿದೆ ಎಂದು ತನಗೆ ತಾನೇ ಆಗಾಗ ಹೇಳಿಕೊಳ್ಳುತ್ತಲೂ ಇದ್ದ. ಅವನ ಲೆಕ್ಕದಲ್ಲಿ ಅವನು ಮಾಡಿದ ತ್ಯಾಗ ಇದಕ್ಕಿಂತ ದೊಡ್ಡದು. ನಾಜಿಶ್ ಹುಟ್ಟಿ ಕೆಲವೇ ತಿಂಗಳಿಗೆ, ಅತ್ತೆಯ ಜೊತೆ ಸೊಸೆಗೆ ಆಗುವುದಿಲ್ಲವೆಂದು, ಹೆತ್ತ ತಾಯಿಯನ್ನೇ ವಾಣಿಯಂಬಾಡಿಯಲ್ಲಿದ್ದ ಅಣ್ಣನ ಮನೆಗೆ ಕಳಿಸಿಬಿಟ್ಟಿದ್ದ. ತಾಯಿ ನಾಲ್ಕು ವರ್ಷ ಅಲ್ಲಿದ್ದು ಅಲ್ಲೇ ತೀರಿಕೊಂಡಳು. ಆ ಮಾತನ್ನು ಮುಕ್ತಾರ್ ಹೆಂಡತಿಯ ಮುಂದೆ ಒಮ್ಮೆಯೂ ಎತ್ತಿ ಆಡಲಿಲ್ಲ, ಹಾಗೆಂದು ಮರೆತಿರಲೂ ಇಲ್ಲ. ಇಂಥವಳಿಗಾಗಿ ಅಮ್ಮನನ್ನು ಕಳಿಸಿದೆ, ಇವಳು ನನ್ನ ಜೊತೆ ಅಲ್ಲಾನ ಮನೆಗೂ ಬರಲೊಲ್ಲಳು ಎಂಬ ಸಿಟ್ಟು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಅರ್ಜಿಯ ಕೊನೆಯ ದಿನಕ್ಕೆ ಎರಡು ತಿಂಗಳಿರುವಾಗ ಅಂಗಡಿಗೆ ಸುಕನ್ಯ ಬಂದಳು. ರಾಮಮೂರ್ತಿ ನಗರದ ಮುನಿಆಂಜನಪ್ಪನವರ ಮಗಳು. ಮುನಿಆಂಜನಪ್ಪನವರು ಹೊಲದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಮುಕ್ತಾರನ ಗಿರಾಕಿ. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿವೆ, ಆದರೂ ಪಟಾಪಟಿ ಚಡ್ಡಿ ಮಾತ್ರ ಮುಕ್ತಾರನೇ ಹೊಲಿಯಬೇಕು. ಮಗಳು ಫಿಸಿಯೋಥೆರಪಿ ಓದಿ, ಹೆರಿಗೆಯಾದ ಹೆಂಗಸರ ಸೊಂಟದ ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಹಿಡಿದಿದ್ದಳು. ಅವಳು ಚೀಲದಿಂದ ಬಿಳಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯೊಂದನ್ನು ತೆಗೆದು, ಅಳತೆಯ ಟೇಪಿನ ಪಕ್ಕದಲ್ಲೇ ಇಟ್ಟಳು.

"ಭಾಯ್, ಇದರ ಕೆಳಗಡೆ ಭಾಗ ಬಟ್ಟೇಲಿ ಹೊಲಿದು ಕೊಡ್ಬೇಕು."

"ಯಾವ ಬಟ್ಟೆ?"

"ಮಾಂಸದ್ದು."

ಮುಕ್ತಾರ್ ಗಲ್ಲಿಯ ಆಚೀಚೆ ನೋಡಿ ಮೂಳೆಯ ಮೇಲೆ ಒಂದು ಲೈನಿಂಗ್ ಬಟ್ಟೆ ಎಳೆದ. "ಆಸ್ಪತ್ರೆ ಕೆಲಸ ನಂದಲ್ಲ ಮೇಡಂ. ಅದರಲ್ಲೂ ಹೆಂಗಸರ ವಿಷ್ಯ..."

"ನಾಳಿದ್ದಿನಿಂದ ಹಲಸೂರಲ್ಲಿ ನರ್ಸ್‌ಗಳಿಗೆ ಟ್ರೇನಿಂಗ್ ಶುರು ಮಾಡ್ಬೇಕು ಅಂತಿದ್ದೆ, ಮಾಡೆಲ್ ಇಲ್ದೆ ಮುಂದಕ್ಕೆ ಹಾಕಿದೀನಿ. ಪೇಟೇಲಿ ಸಿಗೋದು ಗಟ್ಟಿ ರಬ್ಬರ್ದು, ಒಂದು ಸಲ ಕತ್ತರಿಸಿದ್ರೆ ಕೆಲಸ ಮುಗೀತು. ನಂಗೆ ಬಿಚ್ಚೋಕೆ, ಹರಿಯೋಕೆ, ಮತ್ತೆ ಹೊಲಿಯೋಕೆ ಬರ್ಬೇಕು. ಸಂದಿ ಹೊಲಿಯೋದ್ರಲ್ಲಿ ನಿಮ್ಮಷ್ಟು ಗೊತ್ತಿರೋರು ಇಲ್ಲ ಅಂತ ಅಪ್ಪ ಹೇಳ್ತಾರೆ."

ಹೊಗಳಿಕೆ ಅವನ ನಾಚಿಕೆಯನ್ನು ಅರ್ಧ ತಿಂದಿತು. ಉಳಿದರ್ಧವನ್ನು ಕುತೂಹಲ ತಿಂದಿತು. ಸುಕನ್ಯ ಮೂಳೆಯನ್ನು ಮಗುಚಿ ಹಿಡಿದು ಬೆರಳಲ್ಲಿ ತೋರಿಸಿದಳು. ಮುಂದೆ ಎರಡು ಬದಿಯ ಮೂಳೆ ಕೂಡುವ ಜಾಗ. ಹಿಂದೆ ಬಾಲದ ಮೂಳೆಯ ತುದಿ. ಎಡಕ್ಕೊಂದು ಬಲಕ್ಕೊಂದು, ನಾವು ಕೂತಾಗ ನೆಲಕ್ಕೆ ಒತ್ತುವ ಮೂಳೆಗಳು. ನಾಲ್ಕಕ್ಕೂ ಗೆರೆ ಎಳೆದರೆ ಗಾಳಿಪಟ.

"ಇದು ಮಿಯಾನಿ," ಎಂದ ಮುಕ್ತಾರ್, ಯೋಚಿಸದೆ.

"ಏನಂದ್ರಿ?"

ಅವನು ಕಪಾಟಿನಿಂದ ಪೈಜಾಮವೊಂದನ್ನು ಇಳಿಸಿ ತೋರಿಸಿದ. ಸುಕನ್ಯ ಮೊದಲು ನಕ್ಕಳು, ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದಳು. "ಭಾಯ್, ಈ ಜಾಗಕ್ಕೆ ಹೆಸರು ಹುಡುಕಿ ನಂಗೆ ಸಾಕಾಗಿತ್ತು. ಪುಸ್ತಕದ ಹೆಸರು ಹೇಳಿದ್ರೆ ಯಾರಿಗೂ ತಿಳಿಯಲ್ಲ. ತಿಳಿಯೋ ಹೆಸರು ಹೇಳಿದ್ರೆ ಬೈದಂಗಾಗುತ್ತೆ. ಇನ್ಮೇಲೆ ಮಿಯಾನಿ ಅಂತಾನೇ ಅಂತೀನಿ."

ಮುಂದಿನ ಹದಿನೈದು ದಿನ ಮುಕ್ತಾರ್ ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ಕೆಲಸ ಮಾಡಿದ. ಪಕ್ಕದ ಅಂಗಡಿಯ ಅಜ್ಮತ್ ಏನದು ಎಂದು ಇಣುಕಿದಾಗ, ಕ್ರಿಕೆಟ್ ಆಡುವವರ ಗಾರ್ಡು ಎಂದು ಸುಳ್ಳು ಹೇಳಿದ. ಅಜ್ಮತ್ ನಂಬಿದನೋ ಇಲ್ಲವೋ, ಅಂಥ ಗಾರ್ಡು ಹಾಕಿಕೊಂಡು ಯಾವ ಶೂರ ಆಡುತ್ತಾನೆ ಎಂದಂತೂ ಕೇಳಲಿಲ್ಲ. ಕೈಹೊಲಿಗೆ, ಕಾಜಾ, ಗುಂಡಿಯ ಕೆಲಸವನ್ನೆಲ್ಲ ಮುಕ್ತಾರ್ ಸಾಮಾನ್ಯವಾಗಿ ಮನೆಗೆ ಒಯ್ದು ಬಿಲ್ಕೀಸ್‌ಗೆ ಕೊಡುತ್ತಿದ್ದ. ಇದನ್ನು ಒಯ್ಯಲಿಲ್ಲ. ಹೆಂಡತಿಯ ಮುಂದೆ ಇದನ್ನು ಇಡುವುದು ಹೇಗೆ ಎಂದೇ ಅವನಿಗೆ ತಿಳಿಯಲಿಲ್ಲ.

ಕೆಲಸ ಹಿಡಿದ ಮೇಲೆ ನಾಚಿಕೆ ಹೋಯಿತು, ಅಳತೆ ಉಳಿಯಿತು. ಕೆಂಪು ಲೈಕ್ರಾ ಬಟ್ಟೆಯ ಅಗಲ ಹಾಳೆಯೊಂದು ಮುಂದಿನ ಮೂಳೆಯಿಂದ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ತೂಗಬೇಕು. ಹೊಟ್ಟೆಯೊಳಗಿನ ಭಾರವೆಲ್ಲ, ಮೂತ್ರಚೀಲ, ಗರ್ಭಕೋಶ, ದೊಡ್ಡ ಕರುಳಿನ ಕೊನೆ, ಆ ಜೋಲಿಯ ಮೇಲೇ ಕೂತಿರುತ್ತದೆ. ಅದರಲ್ಲಿ ಮುಂದಿನಿಂದ ಹಿಂದಕ್ಕೆ ಮೂತ್ರಕ್ಕೊಂದು, ಹೆರಿಗೆಗೊಂದು, ಮಲಕ್ಕೊಂದು ದಾರಿ. ಕರುಳಿನ ಕೊನೆಯನ್ನು ಹಿಂದಿನಿಂದ ಬಳಸಿ ಮುಂದಿನ ಮೂಳೆಗೆ ಎಳೆದು ಕಟ್ಟಿದ ಇನ್ನೊಂದು ದಪ್ಪ ಪಟ್ಟಿ ಬೇರೆ. ಕೊನೆಯ ದಾರಿಯ ಸುತ್ತ ಇಲಾಸ್ಟಿಕ್ಕಿನ ಎರಡು ಉಂಗುರ. ಒಳಗಿನದು ತೆಳು, ಅದು ನಮ್ಮ ಮಾತು ಕೇಳುವುದಿಲ್ಲ, ತನ್ನಷ್ಟಕ್ಕೆ ಬಿಗಿದಿರುತ್ತದೆ. ಹೊರಗಿನದು ನಾವು ಹೇಳಿದಂತೆ ಕೇಳುತ್ತದೆ, ನಾಲ್ಕು ಜನರ ನಡುವೆ ಮನುಷ್ಯನ ಮರ್ಯಾದೆ ಕಾಯುವುದು ಅದು. ಹೆರಿಗೆಯ ದಾರಿಗೂ ಮಲದ ದಾರಿಗೂ ನಡುವೆ, ಹೆಬ್ಬೆರಳ ತುದಿಯಷ್ಟು ದಪ್ಪಕ್ಕೆ ಒಂದು ಗಂಟು. ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕದಿಂದ ಬರುವ ಪಟ್ಟಿಗಳ ತುದಿಯೆಲ್ಲ ಅಲ್ಲಿ ಬಂದು ಸೇರಬೇಕು. ಮುಕ್ತಾರ್ ಆ ಗಂಟನ್ನು ಮೂರು ಸಲ ಬಿಚ್ಚಿ ಹೊಲಿದ. ಅದು ಸಡಿಲವಾದರೆ ಸುತ್ತಲಿನದೆಲ್ಲ ಜೋತುಬೀಳುತ್ತಿತ್ತು.

ಐದು ಮಾಡೆಲ್ಲು ಹಲಸೂರಿಗೆ ಹೋದವು. ಸುಕನ್ಯ ಅವನ್ನು ಹೆರಿಗೆಯಲ್ಲಿ ಹರಿಯುವ ಹಾಗೆಯೇ ಹರಿದು ನರ್ಸುಗಳ ಮುಂದಿಟ್ಟಳು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕಿದ್ದ ಹುಡುಗಿಯರು ಮೊದಲ ದಿನ ಮುಖ ಮುಚ್ಚಿಕೊಂಡು ನಕ್ಕರಂತೆ, ಎರಡನೇ ದಿನ ಮಿಯಾನಿ ಮಿಯಾನಿ ಎಂದು ಸಲೀಸಾಗಿ ಮಾತಾಡತೊಡಗಿದರಂತೆ. ಅವರು ಹೊಲಿದು ಬಿಚ್ಚಿ ಚಿಂದಿ ಮಾಡಿದ ಮಾಡೆಲ್ಲುಗಳು ಮತ್ತೆ ಅಂಗಡಿಗೆ ಬಂದವು, ರಿಪೇರಿಗೆ. ಅಷ್ಟರಲ್ಲಿ ಹಜ್ ಅರ್ಜಿಗೆ ಕೊನೆಯ ವಾರ. ಬಿಲ್ಕೀಸ್ ಜಪ್ಪಯ್ಯ ಅನ್ನಲಿಲ್ಲ. ಮುಕ್ತಾರ್ ಅದೇ ಸಿಟ್ಟಿನಲ್ಲಿ ಐದನ್ನೂ ಒಂದೇ ದಿನದಲ್ಲಿ ರಿಪೇರಿ ಮಾಡಿ ಬಿಸಾಕಿದ.

ಶುಕ್ರವಾರ ಬೆಳಗ್ಗೆ ಸುಕನ್ಯ ಅವನ್ನು ಒಯ್ಯಲು ಬಂದಳು. ಮೊದಲನೆಯದನ್ನು ಬೆಳಕಿಗೆ ಹಿಡಿದು, "ಏನ್ ಹೊಲಿಗೆ ಭಾಯ್ ಇದು! ಇಲ್ಲಿ ಹರಿದಿತ್ತು ಅಂತಾನೇ ಗೊತ್ತಾಗಲ್ಲ," ಎಂದಳು. ಮುಕ್ತಾರ್ ಉಬ್ಬಿದ. ಅವಳು ಮೇಲೆ ಚರ್ಮದ ಹಾಗೆ ಹೊದಿಸಿದ್ದ ಬಟ್ಟೆಯ ಕೆಳಗೆ ಬೆರಳು ತೂರಿಸಿ ಆಡಿಸಿದಳು.

"ರಿಂಗ್ ಎಲ್ಲಿ ಹೋಯ್ತು?"

"ಅಲ್ಲೇ ಇರತ್ತೆ ಮೇಡಂ."

"ಇದೆ, ಆದ್ರೆ ಸೇರಿಲ್ಲ. ಹರಿದ ಇಲಾಸ್ಟಿಕ್ಕಿನ ತುದಿಗಳು ಒಂದು ಆ ಕಡೆ, ಒಂದು ಈ ಕಡೆ ಒಳಗೆ ಓಡ್ಹೋಗಿವೆ. ನೀವು ಹುಡುಕಿ ಎಳ್ದು ತರ್ಲೇ ಇಲ್ಲ. ಮೇಲಿನ ಚರ್ಮ ಮಾತ್ರ ಚೆನ್ನಾಗಿ ಮುಚ್ಚಿಬಿಟ್ರಿ."

ಮುಕ್ತಾರನ ಕಿವಿ ಬಿಸಿಯಾಯಿತು. ಪೈಜಾಮದ ಲಾಡಿಯ ತುದಿ ಒಳಗೆ ಸೇರಿಕೊಂಡರೆ ಪಿನ್ನು ಹಾಕಿ ಹೊರಗೆಳೆಯದೆ ಬಿಡುವವನಲ್ಲ ಅವನು. "ಹೊರಗಡೆ ಕಾಣಲ್ವಲ್ಲ ಅಂತ..." ಎಂದು ಗೊಣಗಿದ.

"ಅದೇ ಭಾಯ್, ನರ್ಸ್‌ಗಳಿಗೆ ನಾನು ಇದನ್ನೇ ಬಡ್ಕೊಳ್ಳೋದು," ಎಂದು ಸುಕನ್ಯ ಸ್ಟೂಲಿನ ಮೇಲೆ ಕೂತಳು. "ಹೆರಿಗೇಲಿ ರಿಂಗಿನ ತನಕ ಹರಿದಿರತ್ತೆ. ಗಡಿಬಿಡೀಲಿ ಮೇಲಿಂದು ಹೊಲಿದು, ಹೊಲಿಗೆ ಚೆನ್ನಾಗಿ ಬಿದ್ದಿದೆ ಅಂತ ಮನೆಗೆ ಕಳಿಸ್ತಾರೆ. ಗಾಯ ಒಣಗತ್ತೆ. ಆಮೇಲೆ ಅವಳಿಗೆ ಗಾಳಿ ಹಿಡ್ಕೊಳ್ಳೋಕಾಗಲ್ಲ. ಹೊಟ್ಟೆ ಸ್ವಲ್ಪ ಕೆಟ್ರೆ ಬಾತ್‌ರೂಮಿಗೆ ಹೋಗೋಷ್ಟ್ರಲ್ಲಿ ಬಟ್ಟೆ ಕೆಡತ್ತೆ. ಯಾರ ಹತ್ರ ಹೇಳ್ತಾಳೆ? ಮದುವೆ ಮುಂಜಿ ಬಿಡ್ತಾಳೆ. ಹೋಗಲೇಬೇಕು ಅಂದ್ರೆ ಹಿಂದಿನ ದಿನದಿಂದ ಉಪವಾಸ. ಬಸ್ಸು ಬೇಡ, ರೈಲು ಬೇಡ, ಗಂಡನ ಪಕ್ಕ ಬೇಡ. ನಿಮ್ಮ ಕಡೆಯವರು ನನ್ನ ಹತ್ರ ಬಂದು ಅಳೋದು ಉಜೂ ನಿಲ್ಲಲ್ಲ ಅಂತ. ಬಾಗ್ಲು ಹಾಕ್ಕೊಂಡು ಒಬ್ರೇ ನಮಾಜ್ ಮಾಡ್ತಾರೆ. ಮನೆಯವರು ಏನ್ ಅಂತಾರೆ ಗೊತ್ತಾ? ಅವಳಿಗೆ ಜಂಬ ಅಂತಾರೆ."

ಉಜೂ ಎಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧವಾಗುವುದು. ಗಾಳಿ ಹೋದರೆ ಅದು ಮುರಿಯುತ್ತದೆ, ಮತ್ತೆ ತೊಳೆಯಬೇಕು. ನಮಾಜಿನ ಚಾಪೆಯಿಂದ ಬಚ್ಚಲಿಗೆ, ಬಚ್ಚಲಿಂದ ಚಾಪೆಗೆ ಬಿಲ್ಕೀಸ್ ಒಂದೇ ನಮಾಜಿಗೆ ಮೂರು ಸಲ ಓಡಾಡುವುದನ್ನು ಮುಕ್ತಾರ್ ಇಪ್ಪತ್ತೇಳು ವರ್ಷ ನೋಡಿದ್ದ. ಅದಕ್ಕೆ ಅವನು ಇಟ್ಟ ಹೆಸರು ಮಡಿಹುಚ್ಚು.

ಸುಕನ್ಯ ಮಾಡೆಲ್ಲುಗಳನ್ನು ಮತ್ತೆ ಅವನ ಹತ್ತಿರವೇ ಬಿಟ್ಟು, ಸರಿಮಾಡಿ ಇಡಿ ಎಂದು ಹೋದಳು. ಮುಕ್ತಾರ್ ಒಂದನ್ನು ಎತ್ತಿಕೊಂಡು ಮಿಷನ್ನಿನ ಮುಂದೆ ಕೂತ. ಆಗ ನೆನಪಾದದ್ದು ಒಂದು ಮಾತು. ಆ ಮಾತಿನ ಕತೆ ಹೇಳುವ ಮುಂಚೆ ಅವರ ಮನೆಯ ಒಂದು ಅಭ್ಯಾಸ ಹೇಳಬೇಕು.

ಮನೆಯ ಮಾತು ದಖನಿ ಉರ್ದು. ಆದರೆ ಬಿಲ್ಕೀಸ್ ಮಾಲೂರಿನವಳು, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮುಕ್ತಾರನಿಗೂ ಗಿರಾಕಿಗಳಿಂದ ಕನ್ನಡ ನೀರು ಕುಡಿದಷ್ಟು ಸುಲಭ. ಅವನ ತಾಯಿಗೆ ಮಾತ್ರ ದಖನಿ ಮತ್ತು ತಮಿಳು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಆಗಿನ ಒಂದೇ ಕೋಣೆಯ ಮನೆಯಲ್ಲಿ ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅಮ್ಮನ ಕಿವಿಗೆ ಬೀಳಬಾರದ್ದೆಲ್ಲ ಕನ್ನಡದಲ್ಲಿ. ಸರಸ ಕನ್ನಡದಲ್ಲಿ, ಜಗಳ ಕನ್ನಡದಲ್ಲಿ, ಅಮ್ಮನ ಮೇಲಿನ ಸಣ್ಣಪುಟ್ಟ ದೂರೂ ಕನ್ನಡದಲ್ಲಿ. ಅದು ಎಷ್ಟು ಅಂಟಿಕೊಂಡಿತೆಂದರೆ ಇಬ್ಬರೇ ಇದ್ದಾಗ ಅವರು ಇಂದಿಗೂ ಮಾತಾಡುವುದು ಕನ್ನಡವನ್ನೇ.

ನಾಜಿಶ್‌ಗೆ ಆಗ ಎರಡು ತಿಂಗಳು. ಅಮ್ಮ ಕೋಣೆಯ ಆ ಮೂಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಬಿಲ್ಕೀಸ್ ಅತ್ತೆಯ ಕಡೆ ಒಮ್ಮೆ ನೋಡಿ, ಗಂಡನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದ್ದಳು.

"ನನ್ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ ರೀ."

ತಡೆದುಕೊಳ್ಳುವುದು ಅಂದರೆ ಸಹಿಸುವುದೂ ಹೌದು, ಒಳಗಿನದನ್ನು ಹೊರಬಿಡದೆ ಹಿಡಿಯುವುದೂ ಹೌದು. ಕನ್ನಡದಲ್ಲಿ ಹೇಳಿದಳು, ಅಮ್ಮನ ಕಡೆ ನೋಡಿ ಹೇಳಿದಳು, ಇನ್ನೇನಿದ್ದೀತು? ಮುಕ್ತಾರ್ ಕ್ಷಣವೂ ಯೋಚಿಸಲಿಲ್ಲ. "ಎಲ್ರೂ ತಡ್ಕೊಳ್ಳಲ್ವಾ? ಇನ್ನೊಂದ್ ಸ್ವಲ್ಪ ದಿನ ತಡ್ಕೋ. ನಾನು ಏನಾದ್ರೂ ದಾರಿ ಮಾಡ್ತೀನಿ," ಎಂದಿದ್ದ. ಅಂದಂತೆಯೇ ಮಾಡಿದ. ತಿಂಗಳೊಳಗೆ ಅಮ್ಮನ ಟ್ರಂಕು ವಾಣಿಯಂಬಾಡಿಗೆ ಹೋಯಿತು. ಅವಳ ಬಾಯಿಂದ ಆ ಮಾತು ಮತ್ತೆ ಬರಲಿಲ್ಲ. ತಾನು ಸಮಸ್ಯೆ ಬಗೆಹರಿಸಿದೆ ಎಂದು ಅವನು ನಂಬಿದ.

ಮಧ್ಯಾಹ್ನದ ಜುಮ್ಮಾ ನಮಾಜ್ ಮುಗಿಸಿ ಮುಕ್ತಾರ್ ಅಂಗಡಿಗೆ ಹೋಗದೆ ಮನೆಗೆ ಹೋದ. ಒಂದು ಮಾಡೆಲ್ಲು ಚೀಲದಲ್ಲಿತ್ತು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಅದನ್ನೇ ಅವಳ ಮುಂದಿಟ್ಟ. ಬಿಲ್ಕೀಸ್ ಕನ್ನಡಕ ಹಾಕಿಕೊಂಡು, ಕೈಹೊಲಿಗೆಗೆ ತಂದದ್ದೆಂದುಕೊಂಡು ಎತ್ತಿ ನೋಡಿದಳು. ಮೂಳೆ ನೋಡಿದಳು, ಮೂರು ದಾರಿ ನೋಡಿದಳು. 'ಛೀ' ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಕೈಹೊಲಿಗೆಗೆ ಪಳಗಿದ ಬೆರಳು ತಾನಾಗಿಯೇ ಚರ್ಮದ ಕೆಳಗೆ ಹೋಗಿ ಇಲಾಸ್ಟಿಕ್ಕಿನ ಬಿಟ್ಟ ಜಾಗವನ್ನು ಮುಟ್ಟಿತು.

"ಯಾರು ಹೇಳಿದ್ರು ನಿಮಗೆ?"

"ನೀನೇ ಹೇಳಿದ್ದೆ. ತಡ್ಕೊಳ್ಳೋಕೆ ಆಗ್ತಿಲ್ಲ ಅಂತ."

ಬಿಲ್ಕೀಸ್ ಕನ್ನಡಕ ತೆಗೆದಳು. ಆಮೇಲೆ, "ನೀವು ದಾರಿ ಮಾಡ್ತೀನಿ ಅಂದ್ರಿ," ಎಂದಳು. "ಡಾಕ್ಟ್ರ ಹತ್ರ ಕರ್ಕೊಂಡ್ಹೋಗ್ತೀರಾ ಅಂತ ಕಾದೆ. ಕರ್ಕೊಂಡು ಹೋಗ್ಲಿಲ್ಲ. ಎಲ್ರೂ ತಡ್ಕೋತಾರೆ ಅಂದ್ರಲ್ಲ, ಹೆತ್ತೋರಿಗೆಲ್ಲ ಹೀಗೇನೇನೋ ಅಂತ ಸುಮ್ನಾದೆ."

"ಹಜ್‌ಗೆ ಬರಲ್ಲ ಅನ್ನೋದು ಇದಕ್ಕೇನಾ? ಉಜೂ ನಿಲ್ಲದೋರಿಗೆ ರಿಯಾಯಿತಿ ಇದೆ, ಮಸೀದಿ ಹಜ್ರತ್‌ರನ್ನ ಕೇಳಿದ್ರೆ..."

"ಅದು ನಂಗೂ ಗೊತ್ತು. ಅಲ್ಲಾಗೂ ಗೊತ್ತು. ಪಕ್ಕದಲ್ಲಿ ನಿಂತಿರೋ ಹೆಂಗಸಿಗೆ ಗೊತ್ತಿರಲ್ವಲ್ಲ. ಅಷ್ಟು ಜನದ ಮಧ್ಯ, ಡೇರೆಗಳಲ್ಲಿ, ಒಬ್ಬರ ಮೈಗೆ ಒಬ್ಬರ ಮೈ ತಾಗೋ ಹಂಗೆ ಮಲಗಿ..." ಅವಳು ಮಾಡೆಲ್ಲನ್ನು ಕೆಳಗಿಟ್ಟಳು. "ಗೊತ್ತಿದ್ದೋರು ಒಬ್ರೇ. ನಿಮ್ಮಮ್ಮ."

ಮುಕ್ತಾರ್ ತಲೆಯೆತ್ತಿದ.

"ಅವರಿಗೆ ನಾನು ಹೇಳಲಿಲ್ಲ. ಬಟ್ಟೆ ನೋಡಿದ್ರು. ಏನೂ ಕೇಳಲಿಲ್ಲ, ಏನೂ ಅನ್ನಲಿಲ್ಲ. ನೀವು ಏಳೋ ಮುಂಚೆ ನನ್ನ ಬಟ್ಟೆ ಎಲ್ಲಾ ಅವರೇ ಒಗೆದು ಹಾಕಿರೋರು. ಹಳೇ ಸೀರೆ ಹರಿದು ಮಡಚಿ ನನ್ನ ದಿಂಬಿನ ಕೆಳಗಿಡೋರು. ಹೆತ್ತ ತಾಯಿನೂ ಮಾಡಲ್ಲ ಅಷ್ಟು." ಬಿಲ್ಕೀಸ್ ಸೆರಗಿನಿಂದ ಕನ್ನಡಕ ಒರೆಸಿದಳು. "ಎಷ್ಟು ದಿನ ಅಂತ ಮಾಡ್ತಾರೆ ಪಾಪ. ಅವರಿಗೂ ಹೇಸಿಗೆ ಆಯ್ತು. ಅದಕ್ಕೇ ಬಿಟ್ಟು ಹೋದ್ರು."

ಮುಕ್ತಾರನಿಗೆ ಆ ಕ್ಷಣ ಸುಮ್ಮನಿರಬಹುದಿತ್ತು. ಅವಳು ಹಾಗೇ ನಂಬಿಕೊಂಡಿದ್ದರೆ ಅವನಿಗೇನೂ ನಷ್ಟವಿರಲಿಲ್ಲ. ಅವನಲ್ಲಿ ಕೆಟ್ಟದ್ದೇನೇ ಇರಲಿ, ಅಷ್ಟು ನೀಚತನ ಇರಲಿಲ್ಲ.

"ಅವರು ಹೋಗಲಿಲ್ಲ ಬಿಲ್ಕೀಸ್. ನಾನು ಕಳಿಸಿದೆ. ನಿಂಗೆ ಅಮ್ಮನ್ನ ತಡ್ಕೊಳ್ಳೋಕೆ ಆಗ್ತಿಲ್ಲ ಅಂತ ತಿಳ್ಕೊಂಡೆ. ಅವರಿಗೂ ಹಾಗೇ ಹೇಳಿದೆ, ನಿಮ್ಮ ಸೊಸೆಗೆ ನೀವಿರೋದು ಬೇಡವಂತೆ ಅಂತ."

ಬಿಲ್ಕೀಸ್ ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಕೂಗಾಡಲಿಲ್ಲ. ಎದ್ದು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳು ಅಳುವುದು ಇವನಿಗೆ ಹೊರಗೆ ಕೇಳಿಸಿತು. ಅಮ್ಮ ಸತ್ತಾಗಲೂ ಅವಳು ಹೀಗೆ ಅತ್ತಿದ್ದಳು, ಆಗ ಅವನು ಅದನ್ನು ನಾಟಕ ಎಂದುಕೊಂಡಿದ್ದ. ಮುಕ್ತಾರನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಸೋಮವಾರ ಮುಕ್ತಾರ್ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ, ಇಬ್ಬರೂ ಸುಕನ್ಯಳ ಹತ್ತಿರ ಹೋದರು. ಅವಳು ಪರೀಕ್ಷೆ ಮಾಡಿ, ಸ್ಕ್ಯಾನಿಗೆ ಕಳಿಸಿ, ಅದನ್ನು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಉಂಗುರ ಮುಂದುಗಡೆ ಬಿಟ್ಟುಕೊಂಡಿದೆ. ಇಷ್ಟು ವರ್ಷದ ಮೇಲೆ ಆಪರೇಷನ್ ಮಾಡಿದರೂ ಹೊಸದರಂತಾಗುವುದಿಲ್ಲ, ಬೇಕೋ ಬೇಡವೋ ಸರ್ಜನ್ ನೋಡಿ ಹೇಳುತ್ತಾರೆ. ಆದರೆ ಜೋಲಿಯೂ ಹಿಂದಿನ ಪಟ್ಟಿಯೂ ಗಟ್ಟಿಯಾಗಿವೆ. ದಿನಾ ಕಲಿಸಿದ ಹಾಗೆ ಬಿಗಿದು ಬಿಡುವುದನ್ನು ಅಭ್ಯಾಸ ಮಾಡಿದರೆ, ತಿನ್ನುವುದರಲ್ಲಿ ಒಂದಷ್ಟು ಬದಲಾಯಿಸಿದರೆ, ಆರು ತಿಂಗಳಲ್ಲಿ ಬಹಳ ಹತೋಟಿಗೆ ಬರುತ್ತದೆ. "ಪೂರ್ತಿ ಸರಿ ಹೋಗತ್ತೆ ಅಂತ ನಾನು ಸುಳ್ಳು ಹೇಳಲ್ಲ ಅಕ್ಕ. ಆದ್ರೆ ಮನೆ ಬಿಟ್ಟು ಹೊರಗೆ ಹೋಗ್ಬಹುದು."

ಬಾಗಿಲ ಹೊರಗೆ ಕೂತಿದ್ದ ಮುಕ್ತಾರನಿಗೆ ಬಿಲ್ಕೀಸ್ ಬಂದು ಅಷ್ಟನ್ನೂ ಹೇಳಿದಳು. ಮೂರು ದಿನದಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಅರ್ಜಿಗೆ ಎರಡು ದಿನ ಉಳಿದಿದ್ದವು. ಮುಕ್ತಾರ್ ಆ ವಿಷಯ ತೆಗೆಯಲಿಲ್ಲ. ಪಾಸ್‌ಪೋರ್ಟೇ ಇಲ್ಲದವಳಿಗೆ ಈ ವರ್ಷದ್ದು ಹೇಗೂ ಕೈತಪ್ಪಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಅವಳೇ ಹೇಳಿದಳು. "ಫೋಟೊ ತೆಗೆಸ್ಕೋತೀನಿ. ಮುಂದಿನ ವರ್ಷದ ಅರ್ಜಿಗೆ ನನ್ನ ಹೆಸರೂ ಹಾಕ್ಸಿ."

ಮುಕ್ತಾರ್ ಅವಳ ಕಡೆ ತಿರುಗಿದ. "ನನ್ನ ಜೊತೆ ಬರ್ತೀಯಾ?"

"ಬರ್ತೀನಿ. ಹಜ್‌ಗೆ ಹೊರಡೋರು ಯಾರ್ಯಾರಿಗೆ ತಪ್ಪು ಮಾಡಿದಾರೋ ಅವರ ಹತ್ರ ಎಲ್ಲಾ ಮಾಫಿ ಕೇಳ್ಕೊಂಡು ಹೊರಡ್ಬೇಕು. ಅದನ್ನ ಮೊದ್ಲು ಮಾಡೋಣ. ವಾಣಿಯಂಬಾಡಿಗೆ ಕರ್ಕೊಂಡ್ಹೋಗಿ."

ಮುಂದಿನ ವಾರ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಇಪ್ಪತ್ತೇಳು ವರ್ಷದಲ್ಲಿ ಬಿಲ್ಕೀಸ್ ರೈಲಿನಲ್ಲಿ ಕೂತದ್ದು ಅದೇ ಮೊದಲು. ಮೂರು ಗಂಟೆಯ ದಾರಿಯಲ್ಲಿ ಎರಡು ಸಲ ಎದ್ದು ಹೋಗಿ ಬಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಬಾಳೆಹಣ್ಣು ಕೊಟ್ಟಳು, ಬಿಲ್ಕೀಸ್ ತೆಗೆದುಕೊಂಡು ಅರ್ಧ ತಿಂದಳು.

ಅವರ ಕಡೆ ಹೆಂಗಸರು ಖಬರಸ್ತಾನದೊಳಗೆ ಹೋಗುವ ವಾಡಿಕೆ ಇಲ್ಲ. ಬಿಲ್ಕೀಸ್ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಂತಳು. ಅಲ್ಲಿಂದ ಅತ್ತೆಯ ಗೋರಿ ಕಾಣುತ್ತಿರಲಿಲ್ಲ. ಮುಕ್ತಾರ್ ಚಪ್ಪಲಿ ಬಿಟ್ಟು ಒಳಗೆ ಹೊರಟ.

"ರೀ," ಎಂದಳು. ಅವನು ನಿಂತ.

"ನಾನು ಅವರ ಬಗ್ಗೆ ಹಾಗೆ ಅಂದಿರಲಿಲ್ಲ ಅಂತ ಹೇಳಿ. ನಾನು ಹೇಳಿದ್ದು ನನ್ನ ಮೈ ವಿಷ್ಯ, ಅವರ ಮಗನಿಗೆ ಅರ್ಥ ಆಗಲಿಲ್ಲ ಅಂತ ಹೇಳಿ."

"ಹೇಳ್ತೀನಿ."

"ದಖನೀಲಿ ಹೇಳಿ," ಎಂದಳು ಬಿಲ್ಕೀಸ್. "ಅಮ್ಮಂಗೆ ಕನ್ನಡ ಬರಲ್ಲ."